ಮಾತಾಡಿದವರು

ನಾನು ಪಾಠ ಹೇಳುವ ಚಾಮರಾಜನಗರದ ಶಾಲೆಗೆ ಈ ವರ್ಷ ಗೋಡೆಯಗಲದ ಸ್ಮಾರ್ಟ್ ಬೋರ್ಡು ಬಂದಿದೆ. ಮುಟ್ಟಿದರೆ ಭೂಗೋಳ ತಿರುಗುತ್ತದೆ, ಒತ್ತಿದರೆ ಹೃದಯ ಬಡಿದುಕೊಳ್ಳುತ್ತದೆ. ಆದರೂ ಅದರ ಪಕ್ಕದಲ್ಲಿ ಉಳಿದುಕೊಂಡಿರುವ ಹಳೆಯ ಕರಿಹಲಗೆಯ ಬಲಮೂಲೆಯಲ್ಲಿ ‘ಮಾತಾಡಿದವರು’ ಎಂಬ ತಲೆಬರಹದ ಕೆಳಗೆ ನಾಲ್ಕಾರು ಹೆಸರುಗಳು ಇದ್ದೇ ಇರುತ್ತವೆ. ಶಿಕ್ಷಣಕ್ರಮ ಎಷ್ಟು ಬಾರಿ ಬದಲಾದರೂ, ಮೇಷ್ಟ್ರು ಹೊರಗೆ ಹೋದಾಗ ಕ್ಲಾಸ್ ಲೀಡರು ಸೀಮೆಸುಣ್ಣ ಹಿಡಿದು ನಡೆಸುವ ಈ ಆಡಳಿತಕ್ಕೆ ಮಾತ್ರ ಯಾವ ಸುಧಾರಣೆಯ ಗಾಳಿಯೂ ತಟ್ಟಿಲ್ಲ. ನೀವೂ ಆ ಮೂಲೆಯಲ್ಲಿ ಒಮ್ಮೆಯಾದರೂ ವಿರಾಜಮಾನರಾಗಿರುತ್ತೀರಿ. ಇಲ್ಲವಾದರೆ ನನ್ನ ಹಾಗೆ ಸೀಮೆಸುಣ್ಣ ಹಿಡಿದವರಾಗಿರುತ್ತೀರಿ. ಎರಡನೆಯದು ಹೆಚ್ಚು ಕೆಟ್ಟದ್ದು.

ಗುಂಡ್ಲುಪೇಟೆಯಲ್ಲಿ ಆರನೇ ತರಗತಿ ಓದುವಾಗ, ಅಕ್ಷರ ದುಂಡಗಿದೆ ಎಂಬ ಏಕೈಕ ಅರ್ಹತೆಯ ಮೇಲೆ ನಾನು ಲೀಡರಾದೆ. ಅಧಿಕಾರ ಸಿಕ್ಕ ವಾರದೊಳಗೆ ರಾಜನೀತಿಯೆಲ್ಲ ಕರತಲಾಮಲಕವಾಯಿತು. ಹಲಗೆ ಖಾಲಿಯಿದ್ದರೆ ಲೀಡರಿಗೆ ಕಣ್ಣಿಲ್ಲವೆಂದು ಮೇಷ್ಟ್ರು ಬೈಯುತ್ತಾರೆ. ಗೆಳತಿಯರ ಹೆಸರು ಬರೆದರೆ ಊಟದ ಡಬ್ಬಿ ಬಿಚ್ಚುವಾಗ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಗಂಡುಹುಡುಗರ ಹೆಸರು ಬರೆದರೆ ಸಂಜೆ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನನ್ನ ಜಡೆಯ ಕ್ಷೇಮಕ್ಕೆ ಯಾರೂ ಹೊಣೆಯಲ್ಲ. ಹೀಗೆ ಸಮಸ್ತ ದಿಕ್ಕುಗಳಿಂದಲೂ ಪರ್ಯಾಲೋಚಿಸಿ ನಾನು ಆರಿಸಿಕೊಂಡದ್ದು ಹಂಗಳದಿಂದ ಬಸ್ಸಿನಲ್ಲಿ ಬರುತ್ತಿದ್ದ ಮಹದೇವಿಯ ಹೆಸರನ್ನು. ಅವಳಿಗೆ ಉಗ್ಗು ಇತ್ತು. ಇಡೀ ತರಗತಿಯಲ್ಲಿ ಮಾತೇ ಆಡದವಳು ಅವಳೊಬ್ಬಳೇ.

ಮೊದಲ ಸಲ ಅವಳು ‘ನಾನಲ್ಲ’ ಎನ್ನಲು ಎದ್ದು ನಿಂತಳು. ಮೊದಲ ಅಕ್ಷರದಲ್ಲೇ ನಾಲಿಗೆ ಸಿಕ್ಕಿಕೊಂಡಿತು. ಹಿಂದಿನ ಬೆಂಚಿನವರು ಅದೇ ಅಕ್ಷರವನ್ನು ಒಕ್ಕೊರಲಿನಲ್ಲಿ ಹೇಳತೊಡಗಿದರು, ಇಷ್ಟಾದರೂ ಇವಳು ಬಾಯಿ ಮುಚ್ಚಿಲ್ಲ ನೋಡಿ ಎಂದು ಮೇಷ್ಟ್ರು ತಮಾಷೆ ಮಾಡಿದರು. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಮನೆಯಲ್ಲಿ ಅರಿಶಿನ ಬೇಯಿಸಿ ಒಣಹಾಕುವ ಕಾಲವಾದ್ದರಿಂದ ಹಳದಿಗಟ್ಟಿದ್ದ ಅಂಗೈಯನ್ನು ಅವಳು ಮುಂದೆ ಚಾಚಿದಳು, ಬೆತ್ತ ಬಿತ್ತು. ಆಮೇಲೆ ಅವಳು ಎದ್ದು ನಿಲ್ಲಲೇ ಇಲ್ಲ. ನಾನು ದಿನವೂ ಬರೆದೆ. ಕೆಲವು ದಿನ ಹೆಸರಿನ ಮುಂದೆ ‘ಅತಿಯಾಗಿ’ ಎಂದೂ ಸೇರಿಸಿದೆ. ಮಕ್ಕಳು ದೇವರ ಸಮಾನ ಎನ್ನುತ್ತಾರಲ್ಲ, ಒಪ್ಪುತ್ತೇನೆ. ದೇವರಲ್ಲೂ ಉಗ್ರರೂಪಗಳಿವೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನು ಮಕ್ಕಳಿಗೆ ಇಪ್ಪತ್ತು ವರ್ಷಗಳಿಂದ ವಿಸ್ತರಿಸಿ ಬರೆಸುತ್ತಿದ್ದೇನೆ. ಪ್ರತಿ ಸಲವೂ, ಆಡದ ಮಾತಿಗೆ ಏಟು ತಿಂದವಳ ಗಾದೆ ಯಾವುದು ಎಂದು ಒಳಗೆ ಏನೋ ಚುಚ್ಚುತ್ತದೆ. ಎಂದಾದರೂ ಸಿಕ್ಕರೆ ತಪ್ಪೊಪ್ಪಿಕೊಳ್ಳಬೇಕೆಂದು ಒಂದು ಭಾಷಣವನ್ನೇ ಮನಸ್ಸಿನಲ್ಲಿ ಸಿದ್ಧಪಡಿಸಿ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಮೇಡಮ್ಮುಗಳ ಪಶ್ಚಾತ್ತಾಪಕ್ಕೂ ಪೀಠಿಕೆ, ವಿವರಣೆ, ಉಪಸಂಹಾರ ಬೇಕು ನೋಡಿ.

ಕಳೆದ ತಿಂಗಳು ಮನೆಮನೆ ಸರ್ವೆಗೆಂದು ನಮ್ಮನ್ನು ಅಟ್ಟಿದರು. ನನಗೆ ಹಂಗಳ ಬಂತು. ಮೂರನೆಯ ಬೀದಿಯಲ್ಲಿ ಬಾಗಿಲು ತೆರೆದ ಹೆಂಗಸು ಸ್ವಲ್ಪ ಹೊತ್ತು ದಿಟ್ಟಿಸಿ, ನನ್ನ ಹೆಸರು ಹಿಡಿದು ಕರೆದಳು. ಮಹದೇವಿ. ಗಂಡ ತೀರಿದ ಮೇಲೆ ತಾಯಿಯ ಮನೆಗೇ ಮರಳಿ ಬಂದು, ಚೆಂಡುಹೂ ಬೆಳೆದುಕೊಂಡು ಚೆನ್ನಾಗಿಯೇ ಇದ್ದಾಳೆ. ಉಗ್ಗು ಈಗಲೂ ಇದೆ. ಅದನ್ನು ನಾನಿಲ್ಲಿ ಬರೆದು ತೋರಿಸುವುದಿಲ್ಲ. ಅಂದು ತರಗತಿ ಮಾಡಿದ ಅನುಕರಣೆಯೇ ಜನ್ಮಕ್ಕೆ ಸಾಕು.

ಜಗಲಿಯ ಮೇಲೆ ಕುಳಿತು ನಾನು ಪೀಠಿಕೆ ಶುರುಮಾಡಿದೆ. ಕರಿಹಲಗೆ ಎನ್ನುತ್ತಿದ್ದಂತೆಯೇ ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

‘ಅವ್ವ ಒಳ್ಗವ್ಳೆ. ಅವ್ಳ ಮುಂದೆ ಈ ಮಾತ ಎತ್‌ಬ್ಯಾಡ ಕಣಮ್ಮಿ.’

ಕಾರಣವನ್ನು ಅವಳು ನಿಂತು ನಿಂತು ಹೇಳಿದಳು. ಹಲಗೆಯ ಮೇಲಿನ ಹೆಸರು ಹೆಚ್ಚಾದಾಗ ಹೆಡ್‌ಮೇಷ್ಟ್ರು ತಾಯಿಗೆ ಹೇಳಿಕಳುಹಿಸಿ, ನಿಮ್ಮ ಮಗಳು ತರಗತಿಯಲ್ಲಿ ಬಾಯಿಯನ್ನೇ ಮುಚ್ಚುವುದಿಲ್ಲ, ಬುದ್ಧಿ ಹೇಳಿ ಎಂದಿದ್ದರಂತೆ. ಆ ತಾಯಿ, ಮಗಳ ನಾಲಿಗೆ ತಿರುಗಿದರೆ ಬೆಳ್ಳಿಯ ನಾಲಿಗೆ ಮಾಡಿಸಿ ಒಪ್ಪಿಸುತ್ತೇನೆಂದು ಮಾದಪ್ಪನಿಗೆ ಹರಕೆ ಹೊತ್ತವಳು, ಆ ದೂರನ್ನು ಕೈಮುಗಿದುಕೊಂಡು ಕೇಳಿಸಿಕೊಂಡಳಂತೆ. ದಾರಿಯುದ್ದಕ್ಕೂ ಅತ್ತಳಂತೆ, ಸಂತೋಷಕ್ಕೆ. ಮುಂದಿನ ಅಮಾವಾಸ್ಯೆಗೆ ಬೆಟ್ಟ ಹತ್ತಿ ಹರಕೆ ತೀರಿಸಿಯೂ ಬಿಟ್ಟಳು. ಮನೆಯಲ್ಲಿ ಮಗಳು ತಡವರಿಸಿದರೆ ಅದು ನಾಚಿಕೆ ಎಂದುಕೊಂಡಳು.

‘ದೇವ್ರಿಗೆ ಒಪ್ಪಿಸ್‌ಬುಟ್ಟಿದ್ಲು. ಸುಳ್ಳು ಅಂತ ಎಂಗೆ ಯೋಳ್ಲಿ?’ ಎಂದಳು ಮಹದೇವಿ. ‘ಏಟು ನಂಗೆ ಬಿತ್ತು, ಕುಸಿ ಅವ್ಳಿಗಾಯ್ತು. ಆದ್ರೂ ನೀನು ಬರೀಬಾರ್ದಾಗಿತ್ತು.’

ನಾನು ಹೌದು ಎಂದೆ. ಸಿದ್ಧಪಡಿಸಿದ್ದ ಭಾಷಣದಲ್ಲಿ ಆ ಒಂದು ಪದವೇ ಇರಲಿಲ್ಲ. ಅವಳ ಕೈಹಿಡಿದುಕೊಂಡೆ, ಅಳು ಬಂತು. ಅವಳು ಕೈ ಎಳೆದುಕೊಳ್ಳಲಿಲ್ಲ, ಸಮಾಧಾನ ಮಾಡಲೂ ಇಲ್ಲ.

ಅಷ್ಟರಲ್ಲಿ ಗೋಡೆ ಸವರಿಕೊಂಡು ತಾಯಿ ಹೊರಗೆ ಬಂದರು. ಕಣ್ಣು ಮಂಜಾಗಿದೆ. ಯಾರು ಎಂದು ಕೇಳಿ, ಮಗಳ ಜೊತೆ ಓದಿದವಳು, ಕ್ಲಾಸಿಗೆ ಲೀಡರಾಗಿದ್ದವಳು ಎಂದು ತಿಳಿದ ಕೂಡಲೇ ಮುಖ ಅರಳಿಸಿಕೊಂಡು ನನ್ನ ಪಕ್ಕದಲ್ಲೇ ಕುಳಿತರು.

‘ಅಂಗಾದ್ರೆ ನೀನೇ ಕಂಡಿರ್ತೀಯ ಕಣವ್ವ. ಮನೇಲಿ ಇವ್ಳು ಬಾಯಿ ಬುಡ್ತಿರ್ನಿಲ್ಲ. ಇಸ್ಕೂಲಲ್ಲಿ ಬಾಳ ಮಾತಾಡ್ತಿದ್ಲಂತೆ, ದಿಟವಾ?’

ಮಹದೇವಿ ನನ್ನನ್ನೇ ನೋಡಿದಳು. ನಾನು ಸೀಮೆಸುಣ್ಣ ಎತ್ತಿಕೊಂಡಾಗಲೆಲ್ಲ ನೋಡುತ್ತಿದ್ದ ಅದೇ ನೋಟ. ಸತ್ಯ ಹೇಳಲೆಂದೇ ಇಷ್ಟು ವರ್ಷ ಕಾದಿದ್ದವಳು ನಾನು.

‘ದಿಟ ಕಣವ್ವ’ ಎಂದೆ. ‘ದಿನಾ ಮಾತಾಡ್ತಿದ್ಲು. ನಾನೇ ಹೆಸರು ಬರೀತಿದ್ದೆ.’

ಮುದುಕಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಇನ್ನಷ್ಟು ಹತ್ತಿರ ಸರಿದರು. ಏನೇನು ಮಾತಾಡುತ್ತಿದ್ದಳು ಎಂದು ಕೇಳಿದರು.

ನಾನು ಹೇಳಲು ಬಾಯಿ ತೆರೆದೆ. ಮೊದಲ ಅಕ್ಷರವೇ ಹೊರಡಲಿಲ್ಲ. ಮಹದೇವಿ ಅವಸರ ಮಾಡದೆ ಕಾದಳು. ಆಮೇಲೆ ತಾನೂ ಕೆಳಗಿನ ಮೆಟ್ಟಿಲ ಮೇಲೆ ಬಂದು ಕುಳಿತಳು.

‘ಯೋಳು ಕಣಮ್ಮಿ’ ಎಂದಳು. ‘ನಾನೂ ಕೇಳ್ತೀನಿ.’

ನಾನು ಸರ್ವೆಯ ಮೊಬೈಲನ್ನು ಚೀಲಕ್ಕೆ ಹಾಕಿ, ಆರನೇ ತರಗತಿಯ ಮಹದೇವಿ ಆಡದೆ ಹೋದ ಮಾತುಗಳನ್ನು ತಡವರಿಸುತ್ತ ತಡವರಿಸುತ್ತ ಒಂದೊಂದಾಗಿ ಹೇಳತೊಡಗಿದೆ.