ಬಾಯಮ್ಮನ ಬಾರ್ಡರ್

ಮೊನ್ನೆ ಸಕಲೇಶಪುರದ ನರ್ಸರಿಯಲ್ಲಿ ಒಂದು ಜರ್ಬೆರಾ ಕುಂಡಕ್ಕೆ ‘ವರ್ಷಪೂರ್ತಿ ಹೂ’ ಎಂದು ಚೀಟಿ ಅಂಟಿಸಿದ್ದರು. ಅಂಥ ಚೀಟಿ ನಂಬಿ ತಂದ ಮೂರು ಗಿಡಗಳನ್ನು ನಾನು ಈಗಾಗಲೇ ಕೊಂದಿದ್ದೇನೆ. ಆದರೂ ಅದರ ಮುಂದೆ ನಿಂತೆ. ದೋಣಿಗಲ್ಲಿನ ಬಾಯಮ್ಮ ನೆನಪಾದರು.

ಬಾಯಮ್ಮ ಎಂದರೆ ನಾನು ಬೆಳೆದ ಎಸ್ಟೇಟಿನ ಯಜಮಾನತಿ, ಮಂಗಳೂರು ಕಡೆಯ ಕ್ರೈಸ್ತರು. ನಾವು ಕೆಳಗಿನ ಲೈನಿನ, ಅಂದರೆ ಆಳುಗಳ ಸಾಲುಮನೆಯ, ಕೂಲಿಯವರು. ಬಂಗಲೆಯ ದಾರಿಯಂಚಿಗೆ ಉದ್ದಕ್ಕೂ ಅವರು ಜರ್ಬೆರಾ, ಸಾಲ್ವಿಯಾ ಬೆಳೆಸಿ ಅದನ್ನು ಬಾರ್ಡರ್ ಎನ್ನುತ್ತಿದ್ದರು. ಬಾರ್ಡರ್ ಸೀರೆಗೆ ಮಾತ್ರ ಇರುತ್ತದೆಂದು ನಾನು ಅವರ ಜೊತೆಗೇ ವಾದಿಸಿದ್ದುಂಟು.

ಅಪ್ಪ ತೀರಿಕೊಂಡ ವರ್ಷ ಅಮ್ಮ ಮಾತು ಬಿಟ್ಟಿದ್ದಳು. ಬಾಯಮ್ಮ ಅವಳನ್ನು ತೋಟದಿಂದ ಕರೆದು ಬಾರ್ಡರಿನ ಕೆಲಸಕ್ಕೆ ಹಾಕಿದರು.

“ಬಾಡಿದ್ದನ್ನು ದಿನಾ ಚಿವುಟಬೇಕು ಮಾರಾಯ್ತಿ. ಬೀಜ ಕಟ್ಟಲಿಕ್ಕೆ ಬಿಟ್ಟರೆ ಗಿಡ ಹೂ ನಿಲ್ಲಿಸ್ತದೆ.”

ಅಮ್ಮ ಚಿವುಟಿದಳು. ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತೇ ಜಗಳದ್ದು.

“ದೇವ್ರಿಗೆ ಅಂತ ಎರಡು ಹೂ ಕಿತ್ರೆ ಏನಾಗ್ಬುಡ್ತೈತೆ ಬಾಯಮ್ಮ?”

“ನಮ್ಮ ಇಗರ್ಜಿಗೇ ಕೊಡುವುದಿಲ್ಲ ನಾನು. ನಿನ್ನ ದೇವರಿಗೆ ಕೊಡ್ತೇನಾ?”

ಬಾಯಮ್ಮ ನಕ್ಕರು. ಅಮ್ಮನೂ ನಕ್ಕಳು. ಅವಳ ನಗು ಹೇಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು.

ಆಮೇಲೆ ರಸ್ತೆ ಅಗಲ ಮಾಡುವವರು ಬಂದು ಬಾರ್ಡರ್ ಪೂರ್ತಿ ರಸ್ತೆಗೆ ಸೇರುವಂತೆ ಅದರ ಈಚೆಗೆ, ಬಂಗಲೆಯ ಕಡೆ, ಅಳತೆಯ ಕಲ್ಲು ನೆಟ್ಟರು. ಬಾಯಮ್ಮ ಜಗಲಿಯಲ್ಲಿ ಆ ಕಡೆಗೆ ಬೆನ್ನು ಹಾಕಿ ಕೂತುಬಿಟ್ಟರು. ಅಮ್ಮ ಗುದ್ದಲಿ ತಂದಳು.

“ನೀವು ನೋಡ್ಬ್ಯಾಡಿ, ಅಲ್ಲೇ ಕೂತಿರಿ. ಜಾಗ ಹೋದ್ರೆ ಹೋಗ್ಲಿ, ಬೇರು ಐತಲ್ಲ.”

ಲೈನಿನ ಹೆಂಗಸರೆಲ್ಲ ಸೇರಿ ಬುಡಗಳನ್ನು ಅಗೆದು, ಗೋಣಿಚೀಲದಲ್ಲಿ ಹೊತ್ತು ತಂದು, ಮನೆಮನೆಯ ಮುಂದೆ ನೆಟ್ಟರು. ಮಳೆಗಾಲ ಕಳೆದು ಹೂ ಬಂದಾಗ, ಎಂದೂ ಲೈನಿಗೆ ಇಳಿಯದ ಬಾಯಮ್ಮ ಕೋಲೂರಿಕೊಂಡು ಬಂದರು. ನಮ್ಮ ಮೆಟ್ಟಿಲ ಮೇಲೆ ಕೂತು ಬೆಲ್ಲದ ಕಾಫಿ ಕುಡಿದರು. ಹೊರಡುವಾಗ ತಾವೇ ಎರಡು ಹೂ ಕಿತ್ತು ಅಮ್ಮನ ಕೈಗಿಟ್ಟರು.

“ತಗೋ, ನಿನ್ನ ದೇವರಿಗೆ.”

ಈಗ ಇಬ್ಬರೂ ಇಲ್ಲ. ಮೊನ್ನೆ ನಾನು ನರ್ಸರಿಯಿಂದ ಬರಿಗೈಲಿ ಹೊರಟು ದೋಣಿಗಲ್ಲಿನ ಬಸ್ಸು ಹತ್ತಿದೆ. ಲೈನಿನಲ್ಲಿ ಈಗ ಅಸ್ಸಾಮಿನವರಿದ್ದಾರೆ. ನಾವಿದ್ದ ಮನೆಯ ಮುಂದೆ ಕೆಂಪು ಜರ್ಬೆರಾ ಸಾಲಾಗಿ ಅರಳಿತ್ತು. ನಾನು ನೋಡುತ್ತ ನಿಂತದ್ದು ಕಂಡು ಒಬ್ಬಳು ಹೆಂಗಸು ಹೊರಗೆ ಬಂದಳು. ಬೇಕಾ ಎಂದು ಸನ್ನೆಯಲ್ಲೇ ಕೇಳಿ, ಕತ್ತಿಯಿಂದ ಒಂದು ಬುಡ ಸೀಳಿ, ಮಣ್ಣುಸಹಿತ ಬಾಳೆಲೆಯಲ್ಲಿ ಸುತ್ತಿ ನನ್ನ ಮುಂದೆ ಹಿಡಿದಳು. ಇದನ್ನು ನೆಟ್ಟವಳು ನನ್ನಮ್ಮ ಎಂದು ಹೇಳಲು ಅವಳ ಭಾಷೆ ನನಗೆ ಬರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲವೇನೋ. ಎರಡೂ ಕೈ ಚಾಚಿ ತೆಗೆದುಕೊಂಡೆ.