ಡಿಸ್ಕು ತಿರುಗದ ಬೆಳಿಗ್ಗೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ದೊಡ್ಡ ಪೆಟ್ಟಿಗೆ ನನ್ನ ಕೋಣೆಯಲ್ಲಿ, ಅದಕ್ಕೆ ವೈರು ಎಳೆದ ಇನ್ನೊಂದು ಪರದೆ ಲ್ಯಾಬಿನಲ್ಲಿ. ಈಗಿನವರು ಅಂಥದ್ದನ್ನು ಸರ್ವರ್ ಎನ್ನುತ್ತಾರೆ, ನಮಗೆ ಬರೀ ಮಷೀನು. ಹೊನ್ನಾಳಿ, ನ್ಯಾಮತಿ, ಜಗಳೂರಿನ ತನಕ ಶಿಬಿರ ಮಾಡಿ ಬರೆದು ತಂದ ರಕ್ತದಾನಿಗಳ ಹೆಸರು, ಊರು, ಗುಂಪು ಎಲ್ಲ ಅದರ ಹೊಟ್ಟೆಯೊಳಗಿತ್ತು. ಟೈಪು ಮುಗಿದ ಮೇಲೆ ಚೀಟಿಗಳನ್ನು ನಾನೇ ಬಚ್ಚಲೊಲೆಗೆ ಹಾಕಿಸಿದ್ದೆ. ಕಂಪ್ಯೂಟರ್ ಇರುವಾಗ ಕಾಗದದ ಕಸ ಯಾಕೆ ಎಂಬ ಧಿಮಾಕು.

ಒಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕತ್ತಲಗೆರೆ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಾಣಂತಿಯೊಬ್ಬಳನ್ನು ಕೂಸಿನ ಸಮೇತ ತಂದರು. ಮನೆಯಲ್ಲೇ ಹೆರಿಗೆಯಾಗಿ ರಕ್ತಸ್ರಾವ ನಿಂತಿರಲಿಲ್ಲ. ಅವಳದು ಓ ನೆಗೆಟಿವ್. ದಾವಣಗೆರೆಗೆ ಫೋನ್ ಮಾಡಿದರೆ ಅಲ್ಲೂ ಆ ರಕ್ತ ಇರಲಿಲ್ಲ. ಡಾಕ್ಟರಮ್ಮ ನನ್ನ ಬಾಗಿಲಿಗೇ ಬಂದು, “ಲಿಸ್ಟ್ ತೆಗೀರಿ, ಬೇಗ” ಎಂದರು.

ಮಷೀನು ಏಳಲಿಲ್ಲ. ಹಸಿರು ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಕರೆಂಟು ನೋಡಿದೆ, ಸರಿಯಿತ್ತು. ವೈರು ಬದಲಿಸಿದೆ. ಲ್ಯಾಬಿನ ಪರದೆಯನ್ನೇ ಹೊತ್ತು ತಂದು ಜೋಡಿಸಿದೆ. ಕೀಲಿ ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ಟ್ರಂಕ್ ಕಾಲ್ ಹಚ್ಚಿ ಕಂಪನಿಯ ಇಂಜಿನಿಯರ್ ಮಹಾಶಯನನ್ನು ಹಿಡಿಯುವಷ್ಟರಲ್ಲಿ ಹನ್ನೊಂದಾಯಿತು. “ಏನೂ ಮುಟ್ಟಬೇಡಿ, ಗುರುವಾರ ಬರ್ತೀವಿ” ಎಂದ. ಅವತ್ತು ಸೋಮವಾರ. ಅವನ ಬಾಯಿಗೆ ಮಣ್ಣು ಹಾಕಬೇಕೆನಿಸಿತು.

ನಿಜ ಹೇಳಬೇಕೆಂದರೆ ತಪ್ಪು ಅವನದಲ್ಲ. ಹದಿನೈದು ದಿನದಿಂದ ಬೆಳಿಗ್ಗೆ ಮಷೀನು ಹಾಕಿದಾಗ ಒಳಗೆ ಗುಂಯ್ ಎಂದು ಮುಲುಕಿ ಆಮೇಲೆ ಏಳುತ್ತಿತ್ತು. ಹೇಳಿದರೆ “ಹೆಣ್ಣುಮಗಳ ಕೈಗೆ ಕೊಟ್ಟರೆ ಇಷ್ಟೇ” ಎನ್ನುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದೆ. ಫ್ಲಾಪಿಗೆ ನಕಲು ತೆಗೆಯುವುದನ್ನೂ ನಾಳೆ ನಾಳೆ ಎಂದು ಮುಂದೂಡಿದ್ದೆ.

ಅವತ್ತು ಆಸ್ಪತ್ರೆಯ ಬೋರಿನ ಪಂಪು ರಿಪೇರಿಗೆ ಕೆರೆಬಿಳಚಿಯ ಮೆಕ್ಯಾನಿಕ್ ಬಂದಿದ್ದರು. ನಾನು ಅಳುತ್ತಿದ್ದುದನ್ನು ಕಂಡು ಒಳಗೆ ಬಂದರು. ಪಂಪಿನವರ ಅಭ್ಯಾಸದಂತೆ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಯ ಮೇಲೂ ಹಿಡಿಯನ್ನು ಕಿವಿಗೂ ಇಟ್ಟು, “ಈಗ ಹಾಕ್ರಿ” ಎಂದರು. ಹಾಕಿದೆ.

“ಇದರೊಳಗೆ ತಿರುಗೋದು ಏನೈತ್ರಿ?”

“ಡಿಸ್ಕು. ಎಲ್ಲ ಅದರಲ್ಲೇ ಇದೆ.”

“ಅದು ಕಚ್ಕೊಂಡೈತೆ. ಮೋಟ್ರು ತಿರುಗಾಕೆ ಒದ್ದಾಡ್ತೈತೆ, ಆಗ್ತಿಲ್ಲ. ಪಂಪು ಹಿಂಗಾದ್ರೆ ಕೈಲಿ ಒಂದು ತಿರುವು ಕೊಟ್ಟು ಬಿಡ್ತೀವಿ. ಇದಕ್ಕೆ ಹೆಂಗೆ ಅಂತ ನಂಗೊತ್ತಿಲ್ಲ. ಮುರಿದ್ರೆ ನನ್ನ ಬೈಬ್ಯಾಡ್ರಿ.”

ಮುಚ್ಚಳ ಬಿಚ್ಚಿ ಡಿಸ್ಕಿನ ಡಬ್ಬಿಯನ್ನು ವೈರು ಸಮೇತ ಹೊರಗೆಳೆದೆ. ಅವರು ಸ್ವಿಚ್ ಹಾಕಿದ ಕ್ಷಣವೇ ಡಬ್ಬಿಯನ್ನು ಮಣಿಕಟ್ಟಿನಿಂದ ಚುರುಕಾಗಿ ತಿರುಗಿಸಿದೆ. ಮೂರು ಸಲ ಬರೀ ಗುಂಯ್. ನಾಲ್ಕನೆಯ ಸಲ ಸದ್ದು ಸಣ್ಣಗಾಗುತ್ತ ಏರಿತು, ಪರದೆಯಲ್ಲಿ ಅಕ್ಷರ ಮೂಡಿತು. ಡಬ್ಬಿಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡೇ ಹುಡುಕಿದೆ. ಓ ನೆಗೆಟಿವ್ ಮೂರೇ ಹೆಸರು. ಹತ್ತಿರದ ಊರು ಸಾಸ್ವೆಹಳ್ಳಿ. ಜೀಪು ಹೊರಟಾಗ ಹನ್ನೆರಡೂವರೆ.

ಜೀಪು ಬಂದಾಗ ಎರಡೂವರೆ ದಾಟಿತ್ತು. ನಲವತ್ತರ ಆಸುಪಾಸಿನ ರೈತ, ಅಂಗಿಯ ತೋಳು ಮಡಚಿಕೊಂಡೇ ಇಳಿದ. ಬಾಣಂತಿಯ ಜೀವ ಹೋಗಿ ಅರ್ಧ ಗಂಟೆಯಾಗಿತ್ತು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವನು ಬೆಂಚಿನ ಮೇಲೆ ಕೂತ. ವರಾಂಡದ ಆಚೆ ತುದಿಯಲ್ಲಿ ಕೂಸು ಅಳುತ್ತಿತ್ತು.

“ಬೆಳಿಗ್ಗೆಯಿಂದ ಮನೇಲೇ ಇದ್ದೆ ನೋಡ್ರಿ,” ಎಂದ. “ಕರೆಂಟಿಲ್ಲ ಅಂತ ಗದ್ದೆಗೂ ಹೋಗಿರಲಿಲ್ಲ. ಸುಮ್ನೆ ಕಟ್ಟೆ ಮೇಲೆ ಕುಂತಿದ್ದೆ. ಕರೆದಿದ್ರೆ ಆಗ್ಲೇ ಬರ್ತಿದ್ದೆ. ಯಾಕ್ರಿ ಇಷ್ಟು ತಡ ಆತು?”

ಮಷೀನು ಕೆಟ್ಟಿತ್ತು ಎಂದೆ.