ಅಕ್ಕನಿಗೆ ನಾನು ಹಾಕಿಸಿದ ಆಣೆ

ನಮ್ಮಕ್ಕನಿಗೆ ಕಂಡದ್ದರ ಬಗ್ಗೆಯೆಲ್ಲ ಪ್ರಶ್ನೆ ಕೇಳುವ ಚಟ. ಆಗಿನ್ನೂ ಜಯನಗರದ ಹೊಲಗಳಲ್ಲಿ ಸೈಟಿನ ಕಲ್ಲು ನೆಡುತ್ತಿದ್ದರು. ಸರ್ವೆಯವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ಇಟ್ಟು ಒಂದೇ ಕಣ್ಣಲ್ಲಿ ನೋಡುವುದನ್ನು ನಾವಿಬ್ಬರೂ ದೂರ ನಿಂತು ನೋಡುತ್ತಿದ್ದೆವು. ಅದರೊಳಗೆ ಅವರಿಗೆ ಇನ್ನೂ ಕಟ್ಟದ ಮನೆಗಳು ಕಾಣುತ್ತವೆ ಎಂದು ಅಕ್ಕ ಹೇಳುತ್ತಿದ್ದಳು. ಯಾವ ಮನೆಯಲ್ಲಿ ಯಾರಿರುತ್ತಾರೆ, ಯಾರ ಅತ್ತೆ ಜೋರು, ಎಲ್ಲ ಅವಳೇ ಕಟ್ಟಿ ಹೇಳುವಳು. ನಾನು ಬಾಯಿ ಬಿಟ್ಟುಕೊಂಡು ನಂಬುತ್ತಿದ್ದೆ.

ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಇವಳೋ, ಮೊದಲು ಬಂದ ಗಂಡಿನ ತಂದೆ ಜಾತಕ ಚೆನ್ನಾಗಿ ಕೂಡಿದೆ ಎಂದಾಗ, ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿಬಿಟ್ಟಳು. ಎರಡನೆಯವರ ಮುಂದೆಯೂ ಅದೇ ಕಥೆ. ಎರಡೂ ಸಂಬಂಧ ತಪ್ಪಿತು. ಅಮ್ಮ ಊಟ ಬಿಟ್ಟು ಅತ್ತಳು. ನನಗಾಗ ಹತ್ತು ವರ್ಷ, ಮಹಾ ಅಧಿಕಪ್ರಸಂಗಿ. ಮೂರನೆಯ ಗಂಡು ಬರುವ ದಿನ ಬೆಳಿಗ್ಗೆ ಅಕ್ಕನ ಕೈ ಎಳೆದು ನನ್ನ ತಲೆಯ ಮೇಲಿಟ್ಟುಕೊಂಡು, ನೋಡಲು ಬಂದವರ ಮುಂದೆ ಇನ್ನು ಒಂದೂ ಪ್ರಶ್ನೆ ಕೇಳುವುದಿಲ್ಲವೆಂದು ಆಣೆ ಹಾಕಿಸಿದೆ. ಆಣೆ ಮುರಿದರೆ ಯಾರ ತಲೆ ಮುಟ್ಟಿದ್ದೆವೋ ಅವರು ಸಾಯುತ್ತಾರೆಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು.

ಬಂದವನು ಆ ಸರ್ವೆಯವರಲ್ಲೇ ಒಬ್ಬ. ಕೆಲಸ ಮುಗಿಸಿ ನೇರವಾಗಿ ಬಂದಿದ್ದ; ದುರ್ಬೀನಿನ ಪೆಟ್ಟಿಗೆ ಅವನ ಕಾಲ ಬಳಿಯೇ ಇತ್ತು. ಅಕ್ಕನ ಕಣ್ಣೆಲ್ಲ ಅದರ ಮೇಲೆ. ಅವನು ಅದನ್ನು ಗಮನಿಸಿದ.

"ಏನಾದ್ರೂ ಕೇಳ್ಬೇಕಾ? ಕೇಳಿ, ಪರವಾಗಿಲ್ಲ" ಎಂದ.

ಹೆಣ್ಣಿಗೆ ಹಾಗೆನ್ನುವ ಗಂಡನ್ನು ನಾವು ಕಂಡೇ ಇರಲಿಲ್ಲ. ಅಕ್ಕ ಬಾಗಿಲ ಸಂದಿಯಲ್ಲಿದ್ದ ನನ್ನನ್ನು ನೋಡಿದಳು. ಏನೂ ಇಲ್ಲವೆಂದು ತಲೆಯಾಡಿಸಿ ಒಳಗೆ ಬಂದಳು.

ವಾರದ ಮೇಲೆ ಗಂಡಿನ ಮನೆಯವರು ಹೇಳಿಕಳಿಸಿದರು. ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಯಾವುದರಲ್ಲೂ ಆಸಕ್ತಿ ಇದ್ದಂತಿಲ್ಲ, ಹುಡುಗನಿಗೆ ನಾಲ್ಕು ಮಾತಾಡುವವಳು ಬೇಕಂತೆ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅಕ್ಕ ಮಾತ್ರ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆಮೇಲೆ ಅವಳು ಸೈಟುಗಳ ಕಡೆಗೂ ಬರಲಿಲ್ಲ.

ಮರುವರ್ಷ ಸಾರಕ್ಕಿಯಿಂದ ಎರಡನೇ ಮದುವೆಯ ಗಂಡೊಬ್ಬರು ಬಂದರು. ಅಕ್ಕನಿಗಿಂತ ಹದಿನೈದು ವರ್ಷ ದೊಡ್ಡವರು. ಮೊದಲ ಹೆಂಡತಿ ಹೇಗೆ ತೀರಿಕೊಂಡರೆಂದು ನಮ್ಮ ಮನೆಯ ದೊಡ್ಡವರು ಯಾರೂ ವಿಚಾರಿಸಲಿಲ್ಲ. ನಾನು ಅಡುಗೆಮನೆಗೆ ಓಡಿ ಅಕ್ಕನ ಸೆರಗು ಹಿಡಿದುಕೊಂಡೆ.

"ಅಕ್ಕಾ, ಆಣೆ ವಾಪಸ್ ತಗೊಂಡಿದೀನಿ. ಆ ಹೆಂಡ್ತಿ ಹೇಗೆ ಸತ್ರು ಅಂತ ಕೇಳೇ."

ಅಕ್ಕ ಕಾಫಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು.

"ಏನೂ ಕೇಳ್ಬೇಕು ಅನ್ನಿಸ್ತಾನೇ ಇಲ್ಲ ಕಣೇ" ಎಂದಳು.

ಸಾರಕ್ಕಿಯವರು ಕೂತಲ್ಲೇ ಅಕ್ಕನನ್ನು ಒಪ್ಪಿಕೊಂಡರು.